ಅಡುಗೆಮನೆಯ ಅಳತೆ ಹಿಡಿಯುವಾಗ ಬಾಗಿಲು ತೆರೆದಿರಲಿ

ಹೊಸ ಮನೆಗೆ ಫ್ರಿಜ್ ತಂದ ದಿನ ನಮಗೆಲ್ಲ ಖುಷಿಯೋ ಖುಷಿ. ಅದಕ್ಕೆಂದೇ ಅಡುಗೆಮನೆಯ ಮೂಲೆಯಲ್ಲಿ ಒಂದು ಗೂಡು ಬಿಡಿಸಿದ್ದೆವು. ಫ್ರಿಜ್ ಅದರೊಳಗೆ ಹೇಳಿ ಮಾಡಿಸಿದ ಹಾಗೆ ಕೂತಿತು. ಮೇಸ್ತ್ರಿಯ ಮುಖದಲ್ಲೂ ನಗು. ಆಮೇಲೆ ಬಾಗಿಲು ತೆರೆದೆವು ನೋಡಿ, ಅದು ಪಕ್ಕದ ಗೋಡೆಗೆ ಬಡಿದು ನಿಂತುಬಿಟ್ಟಿತು. ಒಳಗಿನ ತರಕಾರಿ ಟ್ರೇ ಹೊರಗೆ ಬರಬೇಕಾದರೆ ಬಾಗಿಲು 90 ಡಿಗ್ರಿಗಿಂತ ಜಾಸ್ತಿ ತೆರೆಯಬೇಕು. ನಮ್ಮದು ಅಷ್ಟು ತೆರೆಯುತ್ತಿರಲಿಲ್ಲ. ಟ್ರೇಯನ್ನು ನಾಲ್ಕು ಬೆರಳಿನಷ್ಟು ಎಳೆದು, ಆ ಸಂದಿಯಲ್ಲಿ ಕೈ ತೂರಿಸಿ, ಕಣ್ಣಿಗೆ ಕಾಣದ ಟೊಮೆಟೊವನ್ನು ತಡಕಾಡಿ ತೆಗೆಯುವುದು ನಮ್ಮ ಮನೆಯ ನಿತ್ಯದ ಕೆಲಸವಾಯಿತು. ಗೋಡೆಯಿಂದ ನಾಲ್ಕೈದು ಇಂಚು ಆಚೆ ಇಟ್ಟಿದ್ದರೆ ಸಾಕಿತ್ತು.

ತಪ್ಪು ಎಲ್ಲಾಯಿತು ಎಂದು ಆಮೇಲೆ ಯೋಚಿಸಿದೆ. ನಾವು ಅಳೆದದ್ದು ಮುಚ್ಚಿದ ಫ್ರಿಜ್ಜನ್ನು. ಬಳಸುವುದು ತೆರೆದ ಫ್ರಿಜ್ಜನ್ನು. ಡ್ರಾಯರ್, ಓವನ್, ಪಾತ್ರೆ ತೊಳೆಯುವ ಮಷಿನ್, ಎಲ್ಲದರ ಕತೆಯೂ ಇದೇ. ನಕ್ಷೆಯಲ್ಲಿ ಎಲ್ಲವೂ ಬಾಯಿ ಮುಚ್ಚಿಕೊಂಡು ಅಚ್ಚುಕಟ್ಟಾಗಿ ಕೂತಿರುತ್ತವೆ. ಅಡುಗೆ ಶುರುವಾದರೆ ಒಂದು ಬಾಗಿಲು ತೆರೆದಿರುತ್ತದೆ, ಇನ್ನೊಂದು ಡ್ರಾಯರ್ ಅರ್ಧ ಹೊರಗೆ ಬಂದಿರುತ್ತದೆ, ಕೈಯಲ್ಲಿ ಬಿಸಿ ಪಾತ್ರೆ ಇರುತ್ತದೆ, ಹಿಂದೆ ಯಾರೋ ನೀರು ಕುಡಿಯಲು ಬಂದಿರುತ್ತಾರೆ. ಆ ಹೊತ್ತಿನ ಅಡುಗೆಮನೆಗೇ ಪ್ಲಾನ್ ಮಾಡಬೇಕು. ಈ ಲೇಖನದ ಉದ್ದಕ್ಕೂ ನಾನು ಹೇಳಲು ಹೊರಟಿರುವುದು ಇಷ್ಟೇ.

ಆದರೆ ಹೆಚ್ಚಿನವರು ಶುರು ಮಾಡುವುದು ಬಣ್ಣದಿಂದ. ಕಪಾಟಿಗೆ ಯಾವ ಬಣ್ಣ, ಟೈಲ್ಸಿಗೆ ಯಾವ ಡಿಸೈನ್. ಅದನ್ನು ಕೊನೆಗೆ ನೋಡಿಕೊಂಡರೂ ನಡೆಯುತ್ತದೆ. ಬಣ್ಣ ಹಿಡಿಸದಿದ್ದರೆ ಬದಲಾಯಿಸಬಹುದು. ಗೋಡೆಯೊಳಗೆ ಹೋದ ಪೈಪನ್ನು ಬದಲಾಯಿಸುವುದು ಅಷ್ಟು ಸುಲಭವಲ್ಲ.

ಮೊದಲು ಒಂದು ಹೊತ್ತಿನ ಅಡುಗೆಯ ಹಿಂದೆ ಹೋಗಿ

ಈಗಿರುವ ಮನೆಯಲ್ಲೇ ಒಂದು ಸಂಜೆ ಅಡುಗೆ ಮಾಡುವವರನ್ನು ಸುಮ್ನೆ ಗಮನಿಸಿ. ನೀವೇ ಮಾಡುವವರಾದರೆ ಬೇರೆಯವರಿಗೆ ಗಮನಿಸಲು ಹೇಳಿ. ಎಲ್ಲಿಂದ ಎಲ್ಲಿಗೆ ನಡೆದರು, ಎಷ್ಟು ಸಲ ಬಗ್ಗಿದರು, ಕೈಯಲ್ಲಿದ್ದದ್ದನ್ನು ಇಡಲು ಜಾಗ ಸಿಗದೆ ಎಲ್ಲಿ ತಡವರಿಸಿದರು, ಬರೆದುಕೊಳ್ಳಿ. ಹಾಳೆಯ ಮೇಲೆ ಒಂದು ಗೆರೆ ಎಳೆಯುತ್ತಾ ಹೋದರೆ ಇನ್ನೂ ಒಳ್ಳೆಯದು. ಅರ್ಧ ಗಂಟೆಯಲ್ಲಿ ಅದು ಮಕ್ಕಳು ಗೀಚಿದ ಚಿತ್ರದ ಹಾಗೆ ಆಗಿರುತ್ತದೆ.

ಆ ಗೀಚಿನಲ್ಲೂ ಒಂದು ಕ್ರಮ ಕಾಣುತ್ತದೆ. ಫ್ರಿಜ್ಜಿನಿಂದಲೋ ಕಪಾಟಿನಿಂದಲೋ ತೆಗೆಯುತ್ತೇವೆ, ಸಿಂಕಿನಲ್ಲಿ ತೊಳೆಯುತ್ತೇವೆ, ಹೆಚ್ಚುತ್ತೇವೆ, ಒಲೆಗೆ ಹಾಕುತ್ತೇವೆ, ಬಡಿಸುತ್ತೇವೆ. ಆಮೇಲೆ ಪಾತ್ರೆಗಳು ವಾಪಸ್ ಸಿಂಕಿಗೆ ಬರುತ್ತವೆ. ಇಲ್ಲಿ ಕೈ ಅತಿ ಹೆಚ್ಚು ಹೊತ್ತು ಇರುವುದು ಒಲೆಯ ಮುಂದೆ ಅಂದುಕೊಳ್ಳುತ್ತೇವೆ. ಗಮನಿಸಿ ನೋಡಿದರೆ ಸಾಮಾನ್ಯವಾಗಿ ಹೆಚ್ಚುವ ಜಾಗ ಮತ್ತು ಸಿಂಕೇ ಗೆಲ್ಲುತ್ತವೆ. ಒಲೆ ತನ್ನಷ್ಟಕ್ಕೆ ಬೇಯಿಸುತ್ತಿರುತ್ತದೆ, ನಾವು ಸೊಪ್ಪು ಬಿಡಿಸುತ್ತಿರುತ್ತೇವೆ.

ಹಾಗಾಗಿ ಮೊದಲು ನಿಗದಿ ಮಾಡಬೇಕಾದದ್ದು ಹೆಚ್ಚುವ ಜಾಗವನ್ನು. ಸಿಂಕು ಮತ್ತು ಒಲೆಯ ನಡುವೆ ಅಡ್ಡಿಯಿಲ್ಲದ ಮೂರು ಅಡಿ ಕಟ್ಟೆ ಸಿಕ್ಕರೆ ಅರ್ಧ ಯುದ್ಧ ಗೆದ್ದ ಹಾಗೆ. ತೊಳೆದದ್ದು ಬಲಕ್ಕೆ, ಹೆಚ್ಚಿದ್ದು ಇನ್ನೂ ಬಲಕ್ಕೆ, ಅಲ್ಲಿಂದ ಬಾಣಲೆಗೆ. ಎಡಗೈಯವರು ಮನೆಯಲ್ಲಿದ್ದರೆ ಇದನ್ನೇ ತಿರುಗಿಸಿ ಯೋಚಿಸಿ. ಸಿಂಕು ಒಂದು ಗೋಡೆಗೆ, ಒಲೆ ಎದುರಿನ ಗೋಡೆಗೆ ಹೋದರೆ ಏನಾಗುತ್ತದೆ ಗೊತ್ತಲ್ವಾ? ತೊಳೆದ ತರಕಾರಿಯಿಂದ ಸೋರುವ ನೀರು ನೆಲದ ಮೇಲೆ ದಾರಿ ಬರೆಯುತ್ತದೆ.

ಇನ್ನೊಂದು ಮಾತು, ಕೈಯಲ್ಲಿರುವುದನ್ನು ಇಳಿಸಲು ಜಾಗ. ಫ್ರಿಜ್ಜಿನ ಬಾಗಿಲು ತೆರೆಯುವ ಕಡೆ ಒಂದೂಕಾಲು ಅಡಿ ಕಟ್ಟೆ ಬೇಕು. ಒಲೆಯ ಎರಡೂ ಪಕ್ಕ ಕನಿಷ್ಠ ಒಂದೊಂದು ಅಡಿ ಬೇಕು. ಒಲೆಯನ್ನು ತೀರಾ ಗೋಡೆಗೋ ಫ್ರಿಜ್ಜಿಗೋ ಒತ್ತಿಟ್ಟರೆ ಪಾತ್ರೆಯ ಹಿಡಿ ತಾಗುತ್ತದೆ, ಬಿಸಿ ಪಾತ್ರೆ ಇಳಿಸುವಾಗ ದಿಕ್ಕು ತೋಚುವುದಿಲ್ಲ. ಹಾಲು ಉಕ್ಕುವಾಗ ಜಾಗ ಹುಡುಕುತ್ತಾ ನಿಂತವರಿಗೆ ಈ ಒಂದು ಅಡಿಯ ಬೆಲೆ ಗೊತ್ತು.

ನೂರು ವರ್ಷದ ಹಿಂದೆ ಇದನ್ನು ಅಳೆದವರು

ಹೆಜ್ಜೆ ಎಣಿಸಿ ಅಡುಗೆಮನೆ ಮಾಡುವುದು ಹೊಸ ವಿಚಾರವಲ್ಲ. 1926ರಲ್ಲಿ ಮಾರ್ಗರೆಟೆ ಶ್ಯೂಟೆ-ಲಿಹೋಟ್ಸ್ಕಿ ಎಂಬ ಆಸ್ಟ್ರಿಯಾದ ವಾಸ್ತುಶಿಲ್ಪಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಹೊಸ ವಸತಿ ಯೋಜನೆಗೆ ಒಂದು ಅಡುಗೆಮನೆ ರೂಪಿಸಿದರು. ಸುಮಾರು 1.9 ಮೀಟರ್ ಅಗಲ, 3.4 ಮೀಟರ್ ಉದ್ದ. ನಮ್ಮ ಲೆಕ್ಕದಲ್ಲಿ ಆರಡಿ ಚಿಲ್ಲರೆಗೆ ಹನ್ನೊಂದಡಿ. ರೈಲಿನ ಊಟದ ಬೋಗಿಯ ಪುಟ್ಟ ಅಡುಗೆಕೋಣೆ ಅವರಿಗೆ ಮಾದರಿಯಾಗಿತ್ತು. ಅಷ್ಟು ಇಕ್ಕಟ್ಟಿನಲ್ಲಿ ಅಷ್ಟೊಂದು ಜನರಿಗೆ ಅಡುಗೆ ಹೇಗಾಗುತ್ತದೆ ಎಂದು ನೋಡಿ, ಅದನ್ನೇ ಮನೆಗೆ ತಂದರು. ಅಂಥ ಸುಮಾರು 10,000 ಅಡುಗೆಮನೆಗಳು ಆ ನಗರದಲ್ಲಿ ಕಟ್ಟಲ್ಪಟ್ಟವು.

ಅದರ ಸಣ್ಣಪುಟ್ಟ ಸಂಗತಿಗಳು ನನಗೆ ಇಷ್ಟ. ಕಿಟಕಿಯ ಕೆಳಗೆ ಕೂತು ಹೆಚ್ಚಲು ಒಂದು ಕಟ್ಟೆ, ಅದಕ್ಕೊಂದು ತಿರುಗುವ ಸ್ಟೂಲು. ಹೆಚ್ಚಿದ ಸಿಪ್ಪೆಯನ್ನು ಅಲ್ಲೇ ತಳ್ಳಲು ಕಟ್ಟೆಯಲ್ಲೇ ತೆಗೆದು ಹಾಕುವ ಡ್ರಾಯರ್. ಸಾಮಾನು ತುಂಬಿಡಲು ಹೆಸರು ಬರೆದ, ಮೂತಿಯಿರುವ ಅಲ್ಯೂಮಿನಿಯಂ ಡಬ್ಬಿಗಳು, ಹಿಡಿದೆಳೆದು ನೇರ ಪಾತ್ರೆಗೆ ಸುರಿಯಬಹುದು. ಮೇಲೆ ಕಂಬಿಯ ಮೇಲೆ ಜಾರುವ ದೀಪ, ಕೆಲಸ ಇರುವ ಕಡೆಗೆ ಎಳೆದುಕೊಳ್ಳುವುದು. ನೀಲಿ ಬಣ್ಣಕ್ಕೆ ನೊಣ ಬರುವುದಿಲ್ಲ ಎಂಬ ಆ ಕಾಲದ ನಂಬಿಕೆಯಿಂದ ಕಪಾಟುಗಳಿಗೆ ನೀಲಿ ಬಳಿದಿದ್ದರು. ನೊಣ ಏನೆಂದುಕೊಂಡಿತೋ!

ಅದಕ್ಕೆ ದೂರುಗಳೂ ಇದ್ದವು. ಒಬ್ಬರಿಗೆ ಹೊಂದುವ ಹಾಗೆ ಅಳೆದ ಕೋಣೆಯಲ್ಲಿ ಇಬ್ಬರು ನಿಲ್ಲುವುದು ಕಷ್ಟ. ಅಡುಗೆ ಮಾಡುವವರು ಮನೆಯವರಿಂದ ಬೇರೆಯಾಗಿ ಒಳಗೆ ಒಂಟಿ. ಈ ಪಾಠ ಇವತ್ತಿಗೂ ಉಪಯೋಗಕ್ಕೆ ಬರುತ್ತದೆ. ಹೆಜ್ಜೆ ಉಳಿಸುವ ಭರದಲ್ಲಿ ಜೊತೆಗೊಬ್ಬರು ನಿಲ್ಲುವ ಜಾಗವನ್ನು ಉಳಿಸಿಕೊಳ್ಳುವುದು ಮರೆಯಬಾರದು.

ಅಮೆರಿಕದಲ್ಲಿ ಅದೇ ದಶಕದಲ್ಲಿ ಲಿಲಿಯನ್ ಗಿಲ್‌ಬ್ರೆತ್ ಎಂಬ ಎಂಜಿನಿಯರ್, ಕಾರ್ಖಾನೆಯಲ್ಲಿ ಕಾರ್ಮಿಕರ ಕೈಚಲನೆ ಅಳೆಯುವ ವಿಧಾನವನ್ನು ಅಡುಗೆಮನೆಗೆ ತಂದರು. 12 ಮಕ್ಕಳ ತಾಯಿ, ಸಮಯದ ಬೆಲೆ ಗೊತ್ತಿರಲೇಬೇಕು. ಕಾಲಿನಿಂದ ಒತ್ತಿ ತೆರೆಯುವ ಕಸದ ಡಬ್ಬಿ, ಫ್ರಿಜ್ಜಿನ ಬಾಗಿಲಿನೊಳಗಿನ ಶೆಲ್ಫು, ಎರಡನ್ನೂ ಅವರ ಲೆಕ್ಕಕ್ಕೆ ಬರೆಯುತ್ತಾರೆ. ಮುಂದೆ 1940ರ ದಶಕದಲ್ಲಿ ಇಲಿನಾಯ್ ವಿಶ್ವವಿದ್ಯಾಲಯದವರು ಕೆಲಸದ ತ್ರಿಕೋನದ ಲೆಕ್ಕವನ್ನು ಗಟ್ಟಿ ಮಾಡಿದರು. ಫ್ರಿಜ್, ಸಿಂಕು, ಒಲೆ, ಈ ಮೂರರ ನಡುವೆ ಗೆರೆ ಎಳೆಯಿರಿ. ಒಂದೊಂದು ಬದಿ 4ರಿಂದ 9 ಅಡಿ ಇರಲಿ, ಮೂರೂ ಸೇರಿ 26 ಅಡಿ ದಾಟದಿರಲಿ. ಇದೇ ಆ ಲೆಕ್ಕ.

ಈ ತ್ರಿಕೋನವನ್ನು ವೇದವಾಕ್ಯ ಮಾಡಿಕೊಳ್ಳಬೇಡಿ. ಒಬ್ಬರೇ ಅಡುಗೆ ಮಾಡುವ, ಮೂರೇ ಮುಖ್ಯ ವಸ್ತುಗಳಿರುವ ಕಾಲದ ಲೆಕ್ಕ ಅದು. ಈಗ ಮೈಕ್ರೋವೇವ್ ಇದೆ, ನೀರಿನ ಫಿಲ್ಟರ್ ಇದೆ, ಮಿಕ್ಸಿ ಇದೆ, ಸಂಜೆ ಇಬ್ಬರು ಮೂವರು ಒಳಗೆ ಓಡಾಡುತ್ತಾರೆ. ಆದರೂ ಒಂದು ವಿಷಯಕ್ಕೆ ಅದು ಈಗಲೂ ಒಳ್ಳೆಯದು. ನಿಮ್ಮ ನಕ್ಷೆಯಲ್ಲಿ ಹಿಂಬಾಗಿಲಿಗೋ ಬಾಲ್ಕನಿಗೋ ಹೋಗುವ ದಾರಿ ಈ ತ್ರಿಕೋನವನ್ನು ಕತ್ತರಿಸಿಕೊಂಡು ಹೋಗುತ್ತಿದ್ದರೆ, ಬಾಗಿಲಿನ ಜಾಗ ಬದಲಾಯಿಸಿ. ಬಿಸಿ ಪಾತ್ರೆ ಹಿಡಿದವರ ಮುಂದೆ ಮಕ್ಕಳು ಓಡುವುದು ಅಲ್ಲೇ.

ಆಕಾರದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಂದೇ ಗೋಡೆಯುದ್ದಕ್ಕೆ ಕಟ್ಟೆ, ಎದುರುಬದುರು ಎರಡು ಕಟ್ಟೆ, ಎಲ್ ಆಕಾರ, ಯು ಆಕಾರ, ಯಾವುದಾಗಬೇಕು ಎಂದು ಕೋಣೆಯೇ ಹೇಳುತ್ತದೆ. ನೋಡಬೇಕಾದದ್ದು ಎದುರುಬದುರು ಕಟ್ಟೆಗಳ ನಡುವಿನ ಜಾಗ. ಒಬ್ಬರೇ ಕೆಲಸ ಮಾಡುವುದಾದರೆ ಮೂರೂವರೆ ಅಡಿ, ಇಬ್ಬರಾದರೆ ನಾಲ್ಕು ಅಡಿ. ಅದಕ್ಕಿಂತ ತುಂಬಾ ಜಾಸ್ತಿಯಾದರೆ ಪ್ರತಿ ಸಲ ತಿರುಗಿ ಎರಡು ಹೆಜ್ಜೆ ನಡೆಯಬೇಕು. ನಡುವೆ ಐಲ್ಯಾಂಡ್, ಅಂದರೆ ಯಾವ ಗೋಡೆಗೂ ಅಂಟದ ಒಂಟಿ ಕಟ್ಟೆ, ಬೇಕು ಅನ್ನುವವರು ಅದರ ಸುತ್ತಲೂ ಇಷ್ಟೇ ಜಾಗ ಉಳಿಯುತ್ತದಾ ಎಂದು ಮೊದಲು ನೋಡಲಿ. ಉಳಿಯದಿದ್ದರೆ ಅದು ದ್ವೀಪವಲ್ಲ, ಅಡ್ಡಗಟ್ಟೆ.

ಕಟ್ಟೆಯ ಎತ್ತರ: ಮೊಣಕೈ ಹೇಳಿದ ಲೆಕ್ಕ

ಮಾರುಕಟ್ಟೆಯಲ್ಲಿ ಸಿಗುವ ರೆಡಿಮೇಡ್ ಕಪಾಟುಗಳಿಗೆ ಕಟ್ಟೆಯ ಎತ್ತರ ಹೆಚ್ಚುಕಮ್ಮಿ 34ರಿಂದ 36 ಇಂಚು. ಅದು ಸರಾಸರಿ ಎತ್ತರದವರಿಗೆ. ನಿಮ್ಮ ಮನೆಯಲ್ಲಿ ಅಡುಗೆ ಮಾಡುವವರು ಸರಾಸರಿ ಅಲ್ಲ, ಅವರು ಅವರೇ. ಅವರನ್ನು ಮನೆಯಲ್ಲಿ ಹಾಕುವ ಚಪ್ಪಲಿ ಹಾಕಿಸಿ ನೇರ ನಿಲ್ಲಿಸಿ, ಮೊಣಕೈ ಮಡಚಲು ಹೇಳಿ. ನೆಲದಿಂದ ಮೊಣಕೈಗೆ ಎಷ್ಟು ಎತ್ತರ ಅಳೆಯಿರಿ. ಅದರಲ್ಲಿ 4ರಿಂದ 6 ಇಂಚು ಕಳೆದರೆ ಹೆಚ್ಚುವ ಕಟ್ಟೆಯ ಎತ್ತರ ಸಿಗುತ್ತದೆ. ಮೊಣಕೈ 39 ಇಂಚಿಗೆ ಬಂದರೆ ಕಟ್ಟೆ 33ರಿಂದ 35ರ ಒಳಗೆ.

ಇಲ್ಲಿ ಒಂದು ಸೂಕ್ಷ್ಮವಿದೆ. ನಾವು ಕೆಲಸ ಮಾಡುವುದು ಯಾವಾಗಲೂ ಕಟ್ಟೆಯ ಮಟ್ಟದಲ್ಲೇ ಅಲ್ಲ. ಸಿಂಕಿನಲ್ಲಿ ಕೈ ಇರುವುದು ತಳದ ಹತ್ತಿರ, ಅಂದರೆ ಕಟ್ಟೆಯಿಂದ ಏಳೆಂಟು ಇಂಚು ಕೆಳಗೆ. ಪಾತ್ರೆ ತೊಳೆದರೆ ಸೊಂಟ ನೋವು ಬರುವುದು ಈ ಬಗ್ಗುವಿಕೆಯಿಂದ. ಒಲೆಯ ಕಡೆ ಉಲ್ಟಾ. ಕಟ್ಟೆಯ ಮೇಲೆ ಒಲೆ, ಒಲೆಯ ಮೇಲೆ ಎತ್ತರದ ಪಾತ್ರೆ, ಅದರೊಳಗೆ ಸೌಟು. ಕೈ ಭುಜದ ಮಟ್ಟಕ್ಕೆ ಏರುತ್ತದೆ. ಆದ್ದರಿಂದ ಸಿಂಕಿನ ಭಾಗ ಎರಡು ಮೂರು ಇಂಚು ಎತ್ತರ, ಒಲೆಯ ಭಾಗ ಅಷ್ಟೇ ತಗ್ಗು ಇದ್ದರೆ ಮೈಗೆ ಹಿತ. ಆದರೆ ಕಟ್ಟೆಯಲ್ಲಿ ಮೆಟ್ಟಿಲು ಬಂದರೆ ಪಾತ್ರೆ ಜಾರಿಸಲಾಗುವುದಿಲ್ಲ, ಒರೆಸುವುದು ಕಿರಿಕಿರಿ. ನನ್ನ ಅಭಿಪ್ರಾಯದಲ್ಲಿ ಸಿಂಕು ಬೇರೆ ಗೋಡೆಯಲ್ಲಿದ್ದರೆ ಮಾತ್ರ ಎತ್ತರ ಬದಲಾಯಿಸಿ. ಒಂದೇ ಸಾಲಿನಲ್ಲಿದ್ದರೆ ಮಟ್ಟವಾಗಿಯೇ ಇರಲಿ, ಸಿಂಕಿನ ಆಳ ಕಡಿಮೆ ಮಾಡಿ. ಕಟ್ಟೆಯೊಳಗೆ ಹುದುಗಿಸಿ ಕೂರಿಸುವ ಒಲೆ ತಂದರೆ ಆ ಕಡೆಯ ಎತ್ತರವೂ ಉಳಿಯುತ್ತದೆ.

ಈ ಲೆಕ್ಕವೆಲ್ಲ ಸರಿ ಮಾಡಿಯೂ ನಾವು ಎಡವಿದ್ದು ಇನ್ನೊಂದು ಕಡೆ. ಸ್ಲ್ಯಾಬ್ ಹಾಕಿದ ದಿನ ನೆಲ ಇನ್ನೂ ಕಾಂಕ್ರೀಟು. ಆ ನೆಲದಿಂದಲೇ 34 ಇಂಚು ಅಳೆದು ಗುರುತು ಹಾಕಿದರು. ನಾನೂ ಪಕ್ಕದಲ್ಲೇ ನಿಂತು ತಲೆಯಾಡಿಸಿದೆ. ಆಮೇಲೆ ನೆಲಕ್ಕೆ ಸಿಮೆಂಟ್ ಗಾರೆ ಬಂತು, ಅದರ ಮೇಲೆ ಟೈಲ್ಸ್ ಬಂತು. ನೆಲ ಎರಡಿಂಚು ಮೇಲೆದ್ದಿತು, ಕಟ್ಟೆ 32ಕ್ಕೆ ಇಳಿಯಿತು. ಕಲ್ಲಿನ ದಪ್ಪದಿಂದ ಮುಕ್ಕಾಲು ಇಂಚು ವಾಪಸ್ ಸಿಕ್ಕಿತು ಅಷ್ಟೇ. ಹಾಗಾಗಿ ಗೋಡೆಗಳ ಮೇಲೆ ಮೊದಲೇ ಒಂದು ಗೆರೆ ಎಳೆಸಿ. ಟೈಲ್ಸ್ ಹಾಕಿದ ಮೇಲೆ ನೆಲ ಎಲ್ಲಿಗೆ ಬರುತ್ತದೋ ಆ ಗೆರೆ. ಎಲ್ಲ ಅಳತೆಯೂ ಅದರಿಂದಲೇ ಶುರುವಾಗಲಿ.

ಕಟ್ಟೆಯ ಅಗಲ 24ರಿಂದ 25 ಇಂಚು ಸಾಕು. ಕೆಳಗಿನ ಕಪಾಟಿನ ಬುಡದಲ್ಲಿ 3 ಇಂಚು ಒಳಕ್ಕೆ, 4 ಇಂಚು ಎತ್ತರಕ್ಕೆ ಜಾಗ ಬಿಡಬೇಕು. ಪಾದದ ತುದಿ ಅಲ್ಲಿ ಹೋಗುತ್ತದೆ. ಇದಿಲ್ಲದಿದ್ದರೆ ಕಟ್ಟೆಗೆ ಒತ್ತಿ ನಿಲ್ಲಲಾಗದೆ ಇಡೀ ದಿನ ಮುಂದಕ್ಕೆ ಬಾಗಿಯೇ ಕೆಲಸ. ಮೇಲಿನ ಕಪಾಟು ಕಟ್ಟೆಯಿಂದ ಒಂದೂವರೆ ಅಡಿ ಮೇಲೆ, ಒಂದು ಅಡಿ ಆಳ. ಅದಕ್ಕಿಂತ ಆಳ ಮಾಡಿದರೆ ಹಣೆಗೆ ತಾಗುತ್ತದೆ.

ಗೋಡೆ ಮುಚ್ಚುವ ಮೊದಲು

ಪ್ಲಾಸ್ಟರ್ ಆಗುವುದಕ್ಕೆ ಮೊದಲಿನ ಎರಡು ವಾರ ಬಹಳ ಮುಖ್ಯ. ಆಗ ತಪ್ಪು ಸರಿ ಮಾಡಲು ಒಂದು ಸೀಮೆಸುಣ್ಣ ಸಾಕು. ಆಮೇಲೆ ಸುತ್ತಿಗೆ ಬೇಕು. ಆ ಹೊತ್ತಿಗೆ ನಿಮ್ಮ ಬಳಿ ಇರಬೇಕಾದದ್ದು ಒಂದು ಪಟ್ಟಿ: ನಿಮ್ಮ ಮನೆಗೆ ಬರುವ ಪ್ರತಿಯೊಂದು ಯಂತ್ರ, ಅದು ನಿಲ್ಲುವ ಜಾಗ, ಅದಕ್ಕೆ ಬೇಕಾದ ಕರೆಂಟು, ನೀರು, ಹೊರಹೋಗುವ ಪೈಪು. ಈಗ ಕೊಳ್ಳದಿದ್ದರೂ ಐದು ವರ್ಷದಲ್ಲಿ ಕೊಳ್ಳಬಹುದಾದದ್ದನ್ನೂ ಸೇರಿಸಿ. ಪಾತ್ರೆ ತೊಳೆಯುವ ಮಷಿನ್ ಬೇಡ ಅಂದುಕೊಂಡವರು ಕೂಡ ಸಿಂಕಿನ ಪಕ್ಕ ಅದಕ್ಕೊಂದು ನಲ್ಲಿ, ಒಂದು ಡ್ರೈನ್, ಒಂದು ಸಾಕೆಟ್ ಬಿಟ್ಟಿಡುವುದು ಜಾಣತನ.

ಕರೆಂಟಿನಿಂದ ಶುರು ಮಾಡೋಣ. ಕಟ್ಟೆಯ ಮೇಲೆ ಎಷ್ಟು ಸಾಕೆಟ್ ಬೇಕು ಎಂದು ಕೇಳಿದರೆ ನಾಲ್ಕು ಅನ್ನುತ್ತೇವೆ. ಎರಡು ಅಡಿ ವೈರಿರುವ ಮಿಕ್ಸಿಯನ್ನು ಎಲ್ಲಿಟ್ಟರೂ ಪ್ಲಗ್ ಎಟಕುವಷ್ಟು ಬೇಕು, ಅದೇ ಸರಿಯಾದ ಲೆಕ್ಕ. ಅಂದರೆ ಕಟ್ಟೆಯುದ್ದಕ್ಕೆ ನಾಲ್ಕು ಅಡಿಗೊಂದು ಜೋಡಿ. ಒಲೆಯ ನೇರ ಹಿಂದೆ ಬೇಡ, ವೈರು ಬೆಂಕಿಯ ಮೇಲೆ ಹಾಯುತ್ತದೆ. ಸಿಂಕಿಗೆ ಅಂಟಿಕೊಂಡು ಬೇಡ. ಮಷಿನ್, ಓವನ್ ಇಂಥವುಗಳ ಸಾಕೆಟ್ ಅವುಗಳ ಬೆನ್ನ ಹಿಂದೆ ಬೇಡ, ಪಕ್ಕದ ಕಪಾಟಿನೊಳಗೆ ಇರಲಿ. ಬೆನ್ನ ಹಿಂದಿದ್ದರೆ ಆ ಪ್ಲಗ್ಗಿನ ದಪ್ಪಕ್ಕೆ ಯಂತ್ರ ಎರಡಿಂಚು ಮುಂದೆ ಬಂದು ನಿಲ್ಲುತ್ತದೆ. ಕೆಟ್ಟಾಗ ಸ್ವಿಚ್ ಆಫ್ ಮಾಡಲು ಯಂತ್ರವನ್ನೇ ಎಳೆಯಬೇಕು.

ಫ್ರಿಜ್ಜಿಗೆ ಬೇರೆಯೇ ಲೈನ್ ಕೊಡಿಸಿ. ಊರಿಗೆ ಹೋಗುವಾಗ ಉಳಿದದ್ದೆಲ್ಲ ಆಫ್ ಮಾಡಿ ಅದೊಂದನ್ನು ಬಿಟ್ಟು ಹೋಗಬಹುದು. ಒಂಟಿ ಇಂಡಕ್ಷನ್ ಒಲೆ ಸುಮಾರು 2,000 ವ್ಯಾಟ್, ಸಾಮಾನ್ಯ ಪವರ್ ಸಾಕೆಟ್ ಅದನ್ನು ತಡೆಯುತ್ತದೆ. ನಾಲ್ಕು ಬರ್ನರಿನ ಇಂಡಕ್ಷನ್ ಕಟ್ಟೆಯೊಲೆಯಾದರೆ 7,000 ವ್ಯಾಟ್ ಮುಟ್ಟುತ್ತದೆ. 230 ವೋಲ್ಟ್ ಇರುವ ಕಡೆ ಅದು 30 ಆಂಪಿಯರ್. ಅದಕ್ಕೆ ದಪ್ಪ ತಂತಿಯ ಪ್ರತ್ಯೇಕ ಲೈನ್ ಬೇಕೇ ಬೇಕು. ಇವತ್ತು ಗ್ಯಾಸ್ ಒಲೆಯೇ ಇದ್ದರೂ ಆ ಲೈನ್ ಎಳೆಸಿಡಿ. ನೀರಿರುವ ಜಾಗವಾದ್ದರಿಂದ 30 ಮಿಲಿಆಂಪಿಯರ್ ಕರೆಂಟು ಸೋರಿದರೂ ತಾನೇ ಆಫ್ ಆಗುವ ಸುರಕ್ಷಾ ಬ್ರೇಕರ್ ಹಾಕಿಸುವುದರಲ್ಲಿ ಚೌಕಾಸಿ ಮಾಡಬೇಡಿ.

ನೀರಿನ ವಿಷಯದಲ್ಲಿ ಬರುವ ನೀರಿಗಿಂತ ಹೋಗುವ ನೀರು ತೊಂದರೆ ಕೊಡುವುದು ಜಾಸ್ತಿ. ಸಿಂಕಿನಿಂದ ಹೊರಡುವ ಪೈಪಿಗೆ ಒಂದು ಅಡಿಗೆ ಕಾಲು ಇಂಚಿನಷ್ಟು ವಾಟ ಇರಬೇಕು. ಹತ್ತು ಅಡಿ ಓಡಿದರೆ ಎರಡೂವರೆ ಇಂಚು ಇಳಿಯಬೇಕು ಎಂದಾಯಿತು. ಸಿಂಕನ್ನು ಕೋಣೆಯ ನಡುವಿನ ಐಲ್ಯಾಂಡಿಗೆ ತರುವ ಆಸೆ ಮುರಿದು ಬೀಳುವುದು ಹೆಚ್ಚಾಗಿ ಇಲ್ಲೇ. ಸಿಂಕಿನ ಕೆಳಗೆ ಯು ಆಕಾರದಲ್ಲಿ ಬಾಗಿದ ಪೈಪಿನಲ್ಲಿ ಸ್ವಲ್ಪ ನೀರು ಯಾವಾಗಲೂ ನಿಂತಿರುತ್ತದೆ. ಅದು ಚರಂಡಿಯ ವಾಸನೆಯನ್ನೂ ಜಿರಳೆಯನ್ನೂ ತಡೆಯುವ ಬಾಗಿಲು. ಅದನ್ನು ಬಿಚ್ಚಿ ತೊಳೆಯಲು ಕೈ ಹೋಗುವ ಹಾಗಿರಲಿ. ಫಿಲ್ಟರಿನಿಂದ ವ್ಯರ್ಥವಾಗಿ ಹೊರಬರುವ ನೀರಿಗೂ ಒಂದು ದಾರಿ ನಕ್ಷೆಯಲ್ಲೇ ತೋರಿಸಿ, ಇಲ್ಲದಿದ್ದರೆ ಆ ಸಣ್ಣ ಪೈಪು ಜೀವನಪೂರ್ತಿ ಸಿಂಕಿನ ಮೇಲೆ ನೇತಾಡುತ್ತದೆ.

ಗ್ಯಾಸಿನ ಬಗ್ಗೆ ಒಂದು ಮಾತು ತಿಳಿದಿರಲಿ. ಸಿಲಿಂಡರಿನ ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ನೆಲಕ್ಕಿಳಿದು ಕಪಾಟಿನ ಬುಡದಲ್ಲಿ, ಮೂಲೆಯಲ್ಲಿ ನೀರಿನ ಹಾಗೆ ತುಂಬಿಕೊಳ್ಳುತ್ತದೆ. ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲ ಗಾಳಿಗಿಂತ ಹಗುರ, ಅದು ಮೇಲೇರುತ್ತದೆ. ಹಾಗಾಗಿ ಎಲ್‌ಪಿಜಿ ಇದ್ದರೆ ಸೋರಿಕೆ ಎಚ್ಚರಿಸುವ ಅಲಾರಂ ನೆಲದ ಹತ್ತಿರ, ನೈಸರ್ಗಿಕ ಅನಿಲವಾದರೆ ಸೂರಿನ ಹತ್ತಿರ. ಗಾಳಿಕಿಂಡಿಯೂ ಹಾಗೇ. ಸಿಲಿಂಡರನ್ನು ಗಾಳಿಯಾಡದ ಕಪಾಟಿನೊಳಗೆ ಬಂದ್ ಮಾಡಿಡುವುದು ನೋಡಲು ಚೆಂದ, ಆದರೆ ತಪ್ಪು.

ಪೈಪು, ತಂತಿ ಎಲ್ಲ ಹಾಕಿ ಮುಗಿದ ದಿನ, ಗೋಡೆ ಮುಚ್ಚುವ ಮೊದಲು, ಪ್ರತಿ ಗೋಡೆಗೂ ಅಳತೆ ಟೇಪು ಹಿಡಿದು ಫೋಟೊ ತೆಗೆದಿಡಿ. ನೆಲದಿಂದ ಎಷ್ಟು, ಮೂಲೆಯಿಂದ ಎಷ್ಟು ಎಂದು ಟೇಪಿನ ಅಂಕಿ ಕಾಣಬೇಕು. ಮೂರು ವರ್ಷದ ನಂತರ ಒಂದು ಶೆಲ್ಫಿಗೆ ಮೊಳೆ ಹೊಡೆಯುವಾಗ ಆ ಫೋಟೊ ಹುಡುಕುತ್ತೀರಿ.

ಹೊಗೆ, ಗಾಳಿ, ನೆರಳು

ಚಿಮಣಿ ಕೊಳ್ಳುವಾಗ ಎಲ್ಲರೂ ಕೇಳುವುದು ಎಳೆಯುವ ಶಕ್ತಿ ಎಷ್ಟು ಎಂದು. ಕೇಳಬೇಕಾದ ಮೊದಲ ಪ್ರಶ್ನೆ, ಎಳೆದ ಗಾಳಿ ಎಲ್ಲಿಗೆ ಹೋಗುತ್ತದೆ ಎಂದು. ಕೆಲವು ಚಿಮಣಿಗಳಿಗೆ ಹೊರಹೋಗುವ ಪೈಪೇ ಇರುವುದಿಲ್ಲ. ಜಿಡ್ಡನ್ನೂ ವಾಸನೆಯನ್ನೂ ಸೋಸಿ ಅದೇ ಗಾಳಿಯನ್ನು ವಾಪಸ್ ಕೋಣೆಗೆ ಬಿಡುತ್ತವೆ. ಹಬೆ ಅಲ್ಲೇ ಉಳಿಯುತ್ತದೆ. ಗ್ಯಾಸ್ ಉರಿಯುವಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡ್, ನೈಟ್ರೋಜನ್ ಡೈಆಕ್ಸೈಡುಗಳಿಗೂ ಹೊರಹೋಗುವ ದಾರಿ ಇರುವುದಿಲ್ಲ. ಹೊಸ ಮನೆ ಕಟ್ಟುವವರಿಗೆ ಗೋಡೆಯಲ್ಲಿ ಒಂದು ತೂತು ಬಿಡುವುದು ಕಷ್ಟವಲ್ಲ, ಹೊರಗೆ ಬಿಡುವ ಚಿಮಣಿಯನ್ನೇ ಹಾಕಿಸಿ. ಪೈಪು ಆರು ಇಂಚಿನದು ಇರಲಿ, ಗಿಡ್ಡ ಇರಲಿ, ತಿರುವು ಕಡಿಮೆ ಇರಲಿ. ಒಂದೊಂದು ತಿರುವೂ ಎಳೆತವನ್ನು ತಿನ್ನುತ್ತದೆ. ಒಲೆ ಹೊರಗೋಡೆಗೆ ಹತ್ತಿರ ಇರಬೇಕು ಎನ್ನುವುದು ಇದಕ್ಕೇ. ಚಿಮಣಿ ಒಲೆಗಿಂತ ಸ್ವಲ್ಪ ಅಗಲ, ಒಲೆಯಿಂದ 26ರಿಂದ 30 ಇಂಚು ಮೇಲೆ, ಉಳಿದದ್ದು ಅದರ ಜೊತೆ ಬರುವ ಪುಸ್ತಕದಲ್ಲಿ ಹೇಳಿದ ಹಾಗೆ. ಹೊರಗೆ ಹೋದಷ್ಟು ಗಾಳಿ ಒಳಗೆ ಬರಬೇಕಲ್ವಾ? ಎಲ್ಲ ಕಿಟಕಿ ಮುಚ್ಚಿ ಚಿಮಣಿ ಹಾಕಿದರೆ ಅದು ಸುಮ್ನೆ ಸದ್ದು ಮಾಡುತ್ತದೆ.

ಕಿಟಕಿ ಒಲೆಯ ನೇರ ಹಿಂದೆ ಬೇಡ. ಗಾಳಿಗೆ ಉರಿ ಓಲಾಡುತ್ತದೆ, ಪರದೆಗೆ ತಾಗುವ ಭಯ ಬೇರೆ. ಸಿಂಕಿನ ಮುಂದೆಯೋ ಹೆಚ್ಚುವ ಜಾಗದ ಮುಂದೆಯೋ ಇರಲಿ. ಅಲ್ಲೇ ಅಲ್ವಾ ನಾವು ಜಾಸ್ತಿ ಹೊತ್ತು ನಿಲ್ಲುವುದು.

ಬೆಳಕಿನ ತಪ್ಪು ಎಲ್ಲ ಮನೆಯಲ್ಲೂ ಒಂದೇ. ಸೂರಿನ ನಟ್ಟನಡುವೆ ಒಂದು ದೀಪ. ನೀವು ಕಟ್ಟೆಯ ಕಡೆ ಮುಖ ಮಾಡಿ ನಿಂತರೆ ದೀಪ ಬೆನ್ನ ಹಿಂದೆ, ನಿಮ್ಮದೇ ನೆರಳು ಚಾಕುವಿನ ಮೇಲೆ. ದೀಪ ಎಷ್ಟು ದೊಡ್ಡದಾದರೂ ನೆರಳು ಅಲ್ಲೇ ಬೀಳುತ್ತದೆ. ಮೇಲಿನ ಕಪಾಟಿನ ಅಡಿಯಲ್ಲಿ, ಮುಂದಿನ ಅಂಚಿಗೆ ಹತ್ತಿರ ಒಂದು ಎಲ್‌ಇಡಿ ಪಟ್ಟಿ ಹಾಕಿದರೆ ಸಮಸ್ಯೆ ಮುಗಿಯಿತು. ಅದಕ್ಕೂ ಪಾಯಿಂಟ್ ಮೊದಲೇ ಬಿಡಿಸಬೇಕು. ಕಂಬಿಯ ಮೇಲೆ ದೀಪ ಜಾರಿಸಿದ ಫ್ರಾಂಕ್‌ಫರ್ಟಿನವರಿಗೆ ಇದು 1926ರಲ್ಲೇ ಹೊಳೆದಿತ್ತು.

ಸಾಮಾನು ಇಡುವುದು

ಕಟ್ಟೆಯ ಕೆಳಗೆ ಬಾಗಿಲಿನ ಕಪಾಟು ಬೇಡ, ಡ್ರಾಯರ್ ಹಾಕಿಸಿ. ಇದರಲ್ಲಿ ನಾನು ರಾಜಿ ಆಗುವುದಿಲ್ಲ. ಬಾಗಿಲಿನ ಕಪಾಟಿನಲ್ಲಿ ಹಿಂದಿನ ಸಾಲಿನ ಪಾತ್ರೆ ತೆಗೆಯಲು ಮುಂದಿನದನ್ನೆಲ್ಲ ನೆಲಕ್ಕಿಳಿಸಿ, ಮಂಡಿಯೂರಿ, ತಲೆ ಒಳಗೆ ಹಾಕಬೇಕು. ಡ್ರಾಯರ್ ಎಳೆದರೆ ಹಿಂದಿನದೂ ಮುಂದೆ ಬರುತ್ತದೆ, ನಿಂತಲ್ಲೇ ಕಾಣುತ್ತದೆ. ಖರ್ಚು ಜಾಸ್ತಿ, ನಿಜ. ಬೇಕಾದರೆ ಮೇಲಿನ ಕಪಾಟುಗಳಲ್ಲಿ ಒಂದೆರಡು ಕಡಿಮೆ ಮಾಡಿ ಆ ದುಡ್ಡು ಇಲ್ಲಿ ಹಾಕಿ. ಡ್ರಾಯರ್ ಪೂರ್ತಿ ಹೊರಗೆ ಬರುವಂಥ ಚಾನೆಲ್ (ಡ್ರಾಯರ್ ಜಾರುವ ಕಂಬಿ) ಕೇಳಿ, ಮುಕ್ಕಾಲು ಬರುವಂಥದ್ದು ಬೇಡ.

ಎಲ್ಲಿ ಬಳಸುತ್ತೀರೋ ಅಲ್ಲೇ ಇಡಿ. ಬಾಣಲೆ, ಸೌಟು, ಎಣ್ಣೆ ಒಲೆಯ ಕೈಯಳತೆಯಲ್ಲಿ. ಚಾಕು, ಮಣೆ, ಕಸದ ಡಬ್ಬಿ ಹೆಚ್ಚುವ ಜಾಗದ ಕೆಳಗೆ. ತಟ್ಟೆ ಲೋಟ ಸಿಂಕಿನ ಹತ್ತಿರ, ತೊಳೆದು ಅಲ್ಲೇ ಜೋಡಿಸಬಹುದು. ದಿನಾ ಬೇಕಾದದ್ದು ಮಂಡಿಯಿಂದ ಕಣ್ಣಿನ ಮಟ್ಟದೊಳಗೆ, ಭಾರದ್ದು ಕೆಳಗೆ, ವರ್ಷಕ್ಕೆರಡು ಸಲ ಬೇಕಾದದ್ದು ಅಟ್ಟಕ್ಕೆ. ಎಲ್ ಆಕಾರದ ಒಳಮೂಲೆಯಲ್ಲಿ ಎರಡು ಡ್ರಾಯರ್ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಹಿಡಿಕೆಯ ಉಬ್ಬಿಗೆ ಎರಡು ಮೂರು ಇಂಚು ಪಟ್ಟಿ ಎರಡೂ ಕಡೆ ಬಿಡಿಸಿ. ಇದು ನಕ್ಷೆಯಲ್ಲಿ ಯಾವತ್ತೂ ಕಾಣುವುದಿಲ್ಲ.

ಸಾಮಗ್ರಿಯಲ್ಲಿ ಚುಟುಕಾಗಿ ನನ್ನ ಅಭಿಪ್ರಾಯ. ಕಟ್ಟೆಗೆ ಗ್ರಾನೈಟ್ ಬಿಸಿ ತಡೆಯುತ್ತದೆ, ಗೀರು ಬೀಳುವುದು ಕಡಿಮೆ, ಆಗಾಗ ಸೀಲರ್ ಹಚ್ಚಿದರೆ ಕಲೆ ಹೀರುವುದಿಲ್ಲ. ಮಾರ್ಬಲ್ ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಒಂದು ಹನಿ ನಿಂಬೆರಸ ಬಿದ್ದರೂ ಹೊಳಪು ತಿಂದುಹಾಕುತ್ತದೆ. ಕ್ವಾರ್ಟ್ಸ್ ಎಂದು ಮಾರುವ ಕೃತಕ ಕಲ್ಲಿನಲ್ಲಿ ಅಂಟು ಇರುತ್ತದೆ, ಒಲೆಯಿಂದ ಇಳಿಸಿದ ಪಾತ್ರೆ ನೇರ ಇಟ್ಟರೆ ಗುರುತು ಉಳಿಯಬಹುದು. ಅದನ್ನು ಕತ್ತರಿಸುವಾಗ ಏಳುವ ಸಿಲಿಕಾ ದೂಳು ಕೆಲಸಗಾರರ ಶ್ವಾಸಕೋಶ ಹಾಳು ಮಾಡುತ್ತದೆಂದು ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಆ ಕಲ್ಲನ್ನೇ ನಿಷೇಧಿಸಿದೆ. ಯಾವ ಕಲ್ಲಾದರೂ ಸರಿ, ನಿಮ್ಮ ಮನೆಯೊಳಗೆ ಒಣಗಿದ್ದನ್ನು ಕತ್ತರಿಸಲು ಬಿಡಬೇಡಿ, ನೀರು ಹಾಕಿ ಕತ್ತರಿಸಲಿ. ಕಪಾಟಿನ ಒಡಲಿಗೆ, ಅದರಲ್ಲೂ ಸಿಂಕಿನ ಕೆಳಗೆ, ನೀರು ತಡೆಯುವ ಪ್ಲೈವುಡ್ಡೇ ಬೇಕು. ಪಾರ್ಟಿಕಲ್ ಬೋರ್ಡ್ ಒಮ್ಮೆ ನೀರು ಕುಡಿದರೆ ಉಬ್ಬಿ ಬಿಸ್ಕತ್ತಿನ ಹಾಗೆ ಉದುರುತ್ತದೆ.

ಸೀಮೆಸುಣ್ಣದ ಅಡುಗೆ

ಇಷ್ಟೆಲ್ಲ ಆದಮೇಲೆ ನಕ್ಷೆಗೆ ಸಹಿ ಹಾಕುವ ಮೊದಲು ಒಂದು ಸಂಜೆ ಕಟ್ಟುತ್ತಿರುವ ಮನೆಗೆ ಹೋಗಿ. ಜೊತೆಗೆ ಅಡುಗೆ ಮಾಡುವವರೆಲ್ಲ ಇರಲಿ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಕಟ್ಟೆ, ಸಿಂಕು, ಒಲೆ, ಫ್ರಿಜ್ ಎಲ್ಲವನ್ನೂ ನಿಜವಾದ ಅಳತೆಯಲ್ಲಿ ಬರೆಯಿರಿ. ಬಾಗಿಲುಗಳನ್ನು ತೆರೆದ ಹಾಗೆಯೇ ಬರೆಯಿರಿ, ಡ್ರಾಯರುಗಳನ್ನು ಪೂರ್ತಿ ಎಳೆದ ಹಾಗೆ. ರಟ್ಟಿನ ಪೆಟ್ಟಿಗೆಗಳನ್ನು ಪೇರಿಸಿ ಕಟ್ಟೆಯ ಎತ್ತರ ಮಾಡಿ. ಆಮೇಲೆ ಬರಿಗೈಯಲ್ಲಿ ಒಂದು ಹೊತ್ತಿನ ಅಡುಗೆ ಮಾಡಿ. ನೋಡುವವರಿಗೆ ನಗು ಬರುತ್ತದೆ, ಬರಲಿ.

ತಂಗಿಯ ಮನೆ ಕಟ್ಟುವಾಗ ನಾವು ಹೀಗೆ ಮಾಡಿದೆವು. ಅಮ್ಮ ಇಲ್ಲದ ಒಲೆಯ ಮುಂದೆ ನಿಂತು ಇಲ್ಲದ ಬಾಣಲೆ ತಿರುವುತ್ತಿದ್ದರು. ತಂಗಿ ಇಲ್ಲದ ಮಷಿನಿನ ಬಾಗಿಲು ಇಳಿಸಿ ಇಲ್ಲದ ತಟ್ಟೆ ಜೋಡಿಸುತ್ತಿದ್ದಳು. ಅಮ್ಮ ಸಿಂಕಿಗೆ ಹೋಗಲು ತಿರುಗಿದವರು ಅಲ್ಲೇ ನಿಂತರು. "ನಾನೆಲ್ಲಿ ದಾಟಲಿ ಮಗಾ?" ಅಂದರು. ಮಷಿನಿನ ಬಾಗಿಲು ಎರಡು ಅಡಿ ಮುಂದೆ ಚಾಚಿ, ಸಿಂಕಿಗೂ ಒಲೆಗೂ ನಡುವಿನ ದಾರಿಯನ್ನು ಪೂರ್ತಿ ಮುಚ್ಚಿತ್ತು. ಕಾಲಿನಿಂದ ಗೆರೆ ಒರೆಸಿ, ಮಷಿನನ್ನು ಸಿಂಕಿನ ಆ ಕಡೆಗೆ ಬರೆದೆವು. ಮಾರನೆಯ ದಿನ ಪ್ಲಂಬರ್ ಬರುವವನಿದ್ದ.